96 ಕಿಲೋಹರ್ಟ್ಸ್ ಮಿಕ್ಸ್‌ನಲ್ಲಿ ಚಟಪಟ ಸದ್ದು, ಪ್ರೊಸೆಸರ್ ಬಳಕೆ ನೋಡಿದರೆ ಶೇ. 30 ಮಾತ್ರ

ಪಿಟೀಲುಪ್ರಿಯ
ಇನ್ನು ನನ್ನಿಂದಾಗದು, ಯಾರಾದರೂ ದಾರಿ ತೋರಿಸಿ. ಸಂಗೀತ ಕಚೇರಿಯೊಂದರ ಮಿಕ್ಸ್ ನಡೆದಿದೆ. ಗಾಯನ, ಪಿಟೀಲು, ಮೃದಂಗಕ್ಕೆ ಎರಡು ಮೈಕ್, ಘಟ, ತಂಬೂರಿ. ಎಲ್ಲವೂ 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಸ್ಯಾಂಪಲ್), 24 ಬಿಟ್. ಪ್ಲೇ ಒತ್ತಿ ಸ್ವಲ್ಪ ಹೊತ್ತಾಗುತ್ತಿದ್ದಂತೆ ಆಲಾಪನೆಯ ನಡುವೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸದ್ದು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ. 30 ದಾಟಿಲ್ಲ. ಲ್ಯಾಪ್‌ಟಾಪ್ ಹೊಸದು. ಈ ವಾರವೇ ಗಾಯಕರಿಗೆ ಕೇಳಿಸಬೇಕು.

ಚಂಡೆಮದ್ದಳೆ
ವೈಫೈ. ಬೇರೆ ಏನನ್ನೂ ಹುಡುಕಬೇಡಿ. ವೈಫೈ ಡ್ರೈವರ್ ನಡುವೆ ಬಾಯಿ ಹಾಕಿ ಆಡಿಯೊವನ್ನು ತಡೆಯುತ್ತದೆ. ಆಫ್ ಮಾಡಿ, ಡ್ರೈವರ್‌ಗಳು ಎಷ್ಟು ತಡ ಮಾಡುತ್ತವೆ ಎಂದು ಅಳೆಯುವ ಲೇಟೆನ್ಸಿಮಾನ್ ಓಡಿಸಿ ನೋಡಿ.

ಶ್ರುತಿಪೆಟ್ಟಿಗೆ
ಬಫರ್, ಅಂದರೆ ಒಂದು ಸಲಕ್ಕೆ ಲೆಕ್ಕ ಹಾಕುವ ಸ್ಯಾಂಪಲ್‌ಗಳ ಕಟ್ಟು, ಎಷ್ಟಿದೆ? ತಂತ್ರಾಂಶ ಯಾವುದು? ಎಲ್ಲ ಟ್ರ್ಯಾಕ್ ಬಂದು ಸೇರುವ ಮಾಸ್ಟರ್ ಮೇಲೆ ಏನೇನು ಹಾಕಿದ್ದೀರಿ? ಮಿಕ್ಸನ್ನು ರೆಂಡರ್ ಮಾಡಿ ಉಳಿಸಿಕೊಂಡ ಫೈಲ್‌ನಲ್ಲೂ ಈ ಸದ್ದು ಇದೆಯೇ? ಇವಿಷ್ಟು ಗೊತ್ತಾಗದೆ ಏನು ಹೇಳುವುದು?

ಪಿಟೀಲುಪ್ರಿಯ
ರೀಪರ್, ವಿಂಡೋಸ್. ಬಫರ್ ಎಲ್ಲರ ಹಾಗೆ 64. ಮಾಸ್ಟರ್ ಮೇಲೆ ಮಾಮೂಲಿನ ಪ್ಲಗಿನ್‌ಗಳೇ: ಲೀನಿಯರ್ ಫೇಸ್ ಈಕ್ಯೂ, ಟೇಪ್ ಸ್ಯಾಚುರೇಶನ್, ಲಿಮಿಟರ್. ಪ್ರತಿ ಟ್ರ್ಯಾಕ್‌ಗೂ ಸಭಾಂಗಣದ ಅನುರಣನ ಕೊಡುವ ಒಂದೊಂದು ಕಾನ್ವಲ್ಯೂಷನ್ ರಿವರ್ಬ್ ಇದೆ. ರೆಂಡರ್ ಮಾಡಿದ ಫೈಲ್‌ನಲ್ಲಿ ಸದ್ದಿಲ್ಲ. ವೈಫೈ ಆಫ್ ಮಾಡಿದರೂ ಹಾಗೆಯೇ ಇದೆ. ಲೇಟೆನ್ಸಿಮಾನ್ ಪೂರ್ತಿ ಹಸಿರು ತೋರಿಸಿತು.

ಚಂಡೆಮದ್ದಳೆ
ಆಫ್ ಮಾಡಿದರೆ ಸಾಲದು, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರನ್ನೇ ಡಿಸೇಬಲ್ ಮಾಡಬೇಕು. ಬ್ಲೂಟೂತ್ ಕೂಡ. ನನ್ನ ಹಳೆಯ ಯಂತ್ರದಲ್ಲಿ ಇದರಿಂದಲೇ ವಾಸಿಯಾಯಿತು.

ಮಂದ್ರಸ್ಥಾಯಿ
96 ಏಕೆ ಎಂಬುದೇ ನನಗೆ ಅರ್ಥವಾಗದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್. 44.1ರಲ್ಲೇ ಅದರ ಅರ್ಧ, ಅಂದರೆ 22.05ರವರೆಗೆ ಹಿಡಿಯಬಹುದು. 48ಕ್ಕೆ ಇಳಿಸಿ, ಹೊರೆ ಅರ್ಧವಾಗುತ್ತದೆ.

ನಾದಲೋಲ
ಕಿವಿಯ ಲೆಕ್ಕ ಸರಿ, ಪ್ಲಗಿನ್‌ಗಳ ಲೆಕ್ಕ ಬೇರೆ. ಸ್ಯಾಚುರೇಶನ್ ಹೊಸ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ. ಘಟದ ಪೆಟ್ಟಿನಲ್ಲಿ 15 ಕಿಲೋಹರ್ಟ್ಸ್ ಅಂಶವಿದ್ದರೆ ಅದರ ಮೂರನೇ ಹಾರ್ಮೋನಿಕ್ 45. 96ರಲ್ಲಿ ಅದು ಕಿವಿಗೆ ಕೇಳದಷ್ಟು ಮೇಲೆಯೇ ಉಳಿಯುತ್ತದೆ. 48ರಲ್ಲಿ ಜಾಗವಿಲ್ಲದೆ ಮಡಚಿಕೊಂಡು 3 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ಅದು ಯಾವ ಶ್ರುತಿಗೂ ಸೇರದ ಸ್ವರ.

ಮಂದ್ರಸ್ಥಾಯಿ
ಅದಕ್ಕೆ ತಾನೆ ಪ್ಲಗಿನ್‌ಗಳೊಳಗೆ ಸ್ಯಾಂಪಲ್ ರೇಟನ್ನು ಒಳಗೊಳಗೇ ಏರಿಸುವ ಓವರ್‌ಸ್ಯಾಂಪ್ಲಿಂಗ್ ಇರುವುದು? ಬೇಕಾದ ಕಡೆ ಮಾತ್ರ ಏರಿಸಿ. ತಂಬೂರಿಯ ಟ್ರ್ಯಾಕನ್ನೂ 96ರಲ್ಲಿ ಓಡಿಸಿ ಯಾರಿಗೆ ಲಾಭ?

ನಾದಲೋಲ
ತಂಬೂರಿಯ ಜೀವಾಳವನ್ನು ನೀವು ಒಮ್ಮೆ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಬೇಕು.

ಶ್ರುತಿಪೆಟ್ಟಿಗೆ
ಆ ವಾದ ಇನ್ನೊಂದು ಎಳೆಯಲ್ಲಿ ನಡೆಯಲಿ. ರೆಂಡರ್‌ನಲ್ಲಿ ಸದ್ದಿಲ್ಲ ಎಂದಮೇಲೆ ಧ್ವನಿಮುದ್ರಣದಲ್ಲಿ ದೋಷವಿಲ್ಲ. ರೆಂಡರ್‌ಗೆ ಗಡುವಿಲ್ಲ, ಪ್ಲೇ ಮಾಡುವಾಗ ಗಡುವಿದೆ. 96ರಲ್ಲಿ 64 ಸ್ಯಾಂಪಲ್ ಎಂದರೆ 0.67 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಪ್ಲಗಿನ್‌ಗಳ ಕೆಲಸ ಮುಗಿಯಬೇಕು, ಪ್ರತಿ ಸಲವೂ. ಒಮ್ಮೆ ತಡವಾದರೂ ಚಟ್ ಎನ್ನುತ್ತದೆ.

ಶೇ. 30 ಎಂಬುದು ಎಲ್ಲ ಕೋರ್‌ಗಳ ಸರಾಸರಿ. ಮಾಸ್ಟರ್ ಮೇಲಿನ ಮೂರು ಪ್ಲಗಿನ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಒಟ್ಟಿಗೆ ಹಂಚಲಾಗದು, ಏಕೆಂದರೆ ಈಕ್ಯೂ ಮುಗಿಸಿದ್ದನ್ನು ಸ್ಯಾಚುರೇಶನ್ ತೆಗೆದುಕೊಳ್ಳಬೇಕು, ಅದು ಮುಗಿಸಿದ್ದನ್ನು ಲಿಮಿಟರ್. ಆ ಒಂದು ಸಾಲು ಗಡುವು ಮೀರಿದರೆ ಉಳಿದ ಕೋರ್‌ಗಳು ಸುಮ್ಮನಿದ್ದರೂ ಪ್ರಯೋಜನವಿಲ್ಲ. ಇದರ ಮೇಲೆ ಲೀನಿಯರ್ ಫೇಸ್ ಈಕ್ಯೂ, ಕಾನ್ವಲ್ಯೂಷನ್ ಎರಡೂ ಸಾಮಾನ್ಯವಾಗಿ ಲೆಕ್ಕವನ್ನು ಕಂತಿನಲ್ಲಿ ಮಾಡುತ್ತವೆ. ಕಂತು ಬಿದ್ದ ಬಫರ್‌ಗೆ ಒಮ್ಮೆಲೇ ಹೊರೆ. ಬಫರ್ ಚಿಕ್ಕದಾದಷ್ಟೂ ಅದನ್ನು ತಾಳುವುದು ಕಷ್ಟ.

ಟಾಸ್ಕ್ ಮ್ಯಾನೇಜರ್ ಬಿಡಿ. ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್ ತೆರೆದು ಆರ್‌ಟಿ ಸಿಪಿಯು, ಅಂದರೆ ಆ ಗಡುವಿನ ಎಷ್ಟು ಪಾಲು ಖರ್ಚಾಗುತ್ತಿದೆ ಎಂಬ ಲೆಕ್ಕ, ಎಷ್ಟಿದೆ ನೋಡಿ. ಲಿಮಿಟರ್‌ನ ಓವರ್‌ಸ್ಯಾಂಪ್ಲಿಂಗ್ ಎಷ್ಟಿದೆ ಎಂಬುದನ್ನೂ ಹೇಳಿ.

ಚಂಡೆಮದ್ದಳೆ
ಪವರ್ ಪ್ಲಾನ್ ಕೂಡ ನೋಡಿ. ಚಾರ್ಜರ್ ತೆಗೆದರೆ ಪ್ರೊಸೆಸರ್ ವೇಗ ಇಳಿಯುತ್ತದೆ. ಆದರೂ ನನ್ನ ಅನುಮಾನ ವೈಫೈ ಮೇಲೆಯೇ.

ಘನರಾಗ
ನನ್ನಲ್ಲಿ 64 ಜಿಬಿ ರ್ಯಾಮ್ ಇರುವ ಡೆಸ್ಕ್‌ಟಾಪ್ ಇದೆ, ಎರಡು ಪರದೆ, ಫ್ಯಾನ್ ಸದ್ದು ಕೇಳದ ಕ್ಯಾಬಿನೆಟ್. 192ರಲ್ಲಿ ಮಿಕ್ಸ್ ಮಾಡಿದರೂ ಒಂದು ಚಟ್ ಇಲ್ಲ. ಲ್ಯಾಪ್‌ಟಾಪ್ ಈ ಕೆಲಸಕ್ಕೆ ತಕ್ಕುದಲ್ಲ. ಫೋಟೊ ಬೇಕಿದ್ದರೆ ಹಾಕುತ್ತೇನೆ.

ಮಂದ್ರಸ್ಥಾಯಿ
ಅವರ ಆರು ಟ್ರ್ಯಾಕ್‌ಗೆ ರ್ಯಾಮ್ ಕೊರತೆ ಎಲ್ಲಿಂದ ಬರುತ್ತದೆ? 96ರಲ್ಲಿ 24 ಬಿಟ್‌ನ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 17 ಎಂಬಿ.

ಪಿಟೀಲುಪ್ರಿಯ
ಲಿಮಿಟರ್ 8 ಪಟ್ಟು, ಸ್ಯಾಚುರೇಶನ್ 4 ಪಟ್ಟು. ಆರ್‌ಟಿ ಸಿಪಿಯು ಶೇ. 90ರ ಆಸುಪಾಸಿನಲ್ಲಿ ಕುಣಿಯುತ್ತಿದೆ.

ಶ್ರುತಿಪೆಟ್ಟಿಗೆ
ಸಿಕ್ಕಿತು. 96ಕ್ಕೆ 8 ಪಟ್ಟು ಎಂದರೆ ಲಿಮಿಟರ್ ಒಳಗೆ 768 ಕಿಲೋಹರ್ಟ್ಸ್‌ನಲ್ಲಿ ದುಡಿಯುತ್ತಿದೆ. 48ರ ಮೇಲೆ 8 ಪಟ್ಟಾಗಿದ್ದರೆ 384. ಸ್ಯಾಂಪಲ್ ರೇಟ್ ಏರಿಸಿದವರು ಓವರ್‌ಸ್ಯಾಂಪ್ಲಿಂಗನ್ನು ಇಳಿಸಿದರೆ ನಷ್ಟವಿಲ್ಲ. ಮೊದಲು ಬಫರ್ 1024 ಮಾಡಿ, 10.7 ಮಿಲಿಸೆಕೆಂಡ್ ಸಿಗುತ್ತದೆ. ಮಿಕ್ಸ್ ಮಾಡುವಾಗ ಅದು ತೊಡಕಲ್ಲ. ಲಿಮಿಟರನ್ನು 2 ಪಟ್ಟಿಗೆ ಇಳಿಸಿ, ರೆಂಡರ್ ಮಾಡುವಾಗ ಬೇಕಿದ್ದರೆ ಏರಿಸಿಕೊಳ್ಳಿ. ಆರು ರಿವರ್ಬ್ ತೆಗೆದು ಒಂದೇ ರಿವರ್ಬ್ ಟ್ರ್ಯಾಕ್ ಮಾಡಿ ಎಲ್ಲವನ್ನೂ ಅದಕ್ಕೆ ಸೆಂಡ್ ಮಾಡಿ. ಒಂದೇ ವೇದಿಕೆಯಲ್ಲಿ ಕುಳಿತವರಿಗೆ ಆರು ಸಭಾಂಗಣ ಏಕೆ? ಕೇಳಲೂ ಅದೇ ಚೆನ್ನ.

ನಾದಲೋಲ
ಇದನ್ನು ಒಪ್ಪುತ್ತೇನೆ. ಪ್ರಾಜೆಕ್ಟನ್ನು 48ರಲ್ಲಿಟ್ಟು ಮಿಕ್ಸ್ ಮಾಡಿ 96ರಲ್ಲಿ ರೆಂಡರ್ ಮಾಡುವ ಯೋಚನೆಯಿದ್ದರೆ ಮಾತ್ರ ಎಚ್ಚರ. ಕೆಲವು ಸ್ಯಾಚುರೇಶನ್, ಕಂಪ್ರೆಸರ್ ಪ್ಲಗಿನ್‌ಗಳ ಗುಣ ರೇಟ್ ಬದಲಾದರೆ ತುಸು ಬದಲಾಗುತ್ತದೆ. ರೆಂಡರ್ ಆದದ್ದನ್ನು ಪೂರ್ತಿ ಕೇಳದೆ ಕಳುಹಿಸಬೇಡಿ.

ಪಿಟೀಲುಪ್ರಿಯ
ಬಫರ್ 1024, ಲಿಮಿಟರ್ 2 ಪಟ್ಟು, ರಿವರ್ಬ್ ಒಂದೇ. ಆರ್‌ಟಿ ಸಿಪಿಯು ಶೇ. 40ಕ್ಕೆ ಇಳಿದಿದೆ. ತನಿ ಆವರ್ತನ ಮುಗಿಯುವವರೆಗೆ ಒಂದು ಚಟ್ ಕೂಡ ಇಲ್ಲ, ಮೃದಂಗವೂ ಪಿಟೀಲೂ ಈಗ ಒಂದೇ ಜಾಗದಲ್ಲಿ ಕುಳಿತ ಹಾಗಿದೆ. ಎಲ್ಲರಿಗೂ ಧನ್ಯವಾದ. ಗಾಯಕರು ಒಂದು ಸಾಲನ್ನು ಮತ್ತೆ ಹಾಡುತ್ತಾರಂತೆ. ಅವರಿಗೆ ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಕೇಳುವುದಿಲ್ಲವೇ?

ಶ್ರುತಿಪೆಟ್ಟಿಗೆ
ಕೇಳುತ್ತದೆ. ಆ ಹೊತ್ತಿಗೆ ಮಾಸ್ಟರ್‌ನ ಈಕ್ಯೂ, ಲಿಮಿಟರ್ ಎರಡನ್ನೂ ಬೈಪಾಸ್ ಮಾಡಿ, ಬಫರ್ 128ಕ್ಕೆ ತನ್ನಿ. ಮೈಕ್ ಜೋಡಿಸುವ ಆಡಿಯೊ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರಿಂಗ್ ಇದ್ದರೆ ಅದನ್ನೇ ಬಳಸಿ, ದನಿ ಕಂಪ್ಯೂಟರ್‌ ದಾಟದೆ ನೇರ ಹೆಡ್‌ಫೋನ್‌ಗೆ ಬರುತ್ತದೆ, ಬಫರ್‌ನ ಗೊಡವೆಯೇ ಇರುವುದಿಲ್ಲ. ಇಂಟರ್‌ಫೇಸ್ ಯಾವುದೆಂದು ನೀವಿನ್ನೂ ಹೇಳಿಲ್ಲ.

ಘನರಾಗ
ಫೋಟೊ ಹಾಕಿದ್ದೇನೆ, ನೋಡಿ. ಎಡಗಡೆಯ ಸ್ಪೀಕರ್ ಸ್ಟ್ಯಾಂಡ್ ತೇಗದ ಮರದ್ದು.

ಚಂಡೆಮದ್ದಳೆ
ಸ್ಟ್ಯಾಂಡ್ ಎಲ್ಲಿ ಮಾಡಿಸಿದಿರಿ?