ಸಂದೀಪನಿಗೆ ಎರಡು ಮೆಷಿನ್ ಯಾಕೆ ಅಂತ ಕೇಳಿದ್ದಕ್ಕೆ

ರಾಘು, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತೇನೆ. ಸ್ವಲ್ಪ ಉದ್ದ ಆದೀತು, ಅರ್ಧಕ್ಕೆ ಬಿಡಬೇಡಿ. ಅಂಗಳದಲ್ಲಿ ಅಡಿಕೆ ಹರವಿದ್ದೇನೆ, ಆಚೆ ಮೋಡ ಕಟ್ಟುತ್ತಿದೆ. ನಡುವೆ ಎದ್ದು ಓಡಿದರೆ ಬೇಜಾರು ಮಾಡಬೇಡಿ.

ನೀನು ಕೇಳಿದ್ದು ಇಷ್ಟು. ಸಂದೀಪನಿಗೆ ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಅದು ಸಾಲದು ಅಂತ ಪ್ರತಿದಿನ ಪ್ಲಾಸ್ಮಾ ಎಕ್ಸ್‌ಚೇಂಜ್. ಎರಡಕ್ಕೂ ಕುತ್ತಿಗೆಯ ಅದೇ ಪೈಪು. ಎರಡರಲ್ಲೂ ರಕ್ತ ಹೊರಗೆ ಹೋಗಿ ಒಳಗೆ ಬರುತ್ತದೆ. ಹಾಗಿದ್ದ ಮೇಲೆ ಎರಡು ಬಿಲ್ ಯಾಕೆ, ಇದು ದುಡ್ಡು ಹೊಡೆಯುವ ದಾರಿ ಅಲ್ವಾ ಅಂತ. ಅದರ ಕೆಳಗೆ ಭಾವನವರು ಹೆಬ್ಬೆರಳು ಬೇರೆ ಎತ್ತಿದ್ದಾರೆ.

ನಾನು 26 ವರ್ಷ ಡಯಾಲಿಸಿಸ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವನು. ಡಾಕ್ಟರ್ ಅಲ್ಲ. ಆದರೆ ಈ ಎರಡೂ ಕೆಲಸವನ್ನು ಕೈಯಾರೆ ಮಾಡಿದ್ದೇನೆ. ದುಡ್ಡು ಹೊಡೆಯುವವರನ್ನೂ ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಸಂದೀಪನ ವಿಷಯದಲ್ಲಿ ಮಾತ್ರ ಅದು ಸುಳ್ಳು.

ಅಕ್ಕ, ನೀನು ಮಳೆಗಾಲಕ್ಕೆ ಭರಣಿಯಲ್ಲಿ ಹಲಸಿನ ಉಪ್ಪುಸೊಳೆ ಹಾಕುತ್ತೀಯಲ್ಲ. ಪಲ್ಯ ಮಾಡುವ ಮೊದಲು ಏನು ಮಾಡುತ್ತೀ? ಸೊಳೆ ತೆಗೆದು ಒಳ್ಳೆ ನೀರಿನಲ್ಲಿ ನೆನೆಸುತ್ತೀ. ಉಪ್ಪು ನೀರಿಗೆ ಬಿಡುತ್ತದೆ, ಸೊಳೆ ಹಾಗೇ ಉಳಿಯುತ್ತದೆ. ಡಯಾಲಿಸಿಸ್ ಅಂದರೆ ಅಷ್ಟೇ. ಆ ಉದ್ದ ಗಾಜಿನ ಲೋಟದ ಹಾಗೆ ಕಾಣುವ ಫಿಲ್ಟರ್ ಒಳಗೆ ಕೂದಲಿನಷ್ಟು ಸಣ್ಣ ಕೊಳವೆಗಳು ಸಾವಿರಗಟ್ಟಲೆ ಇರುತ್ತವೆ. ಕೊಳವೆಯ ಒಳಗೆ ರಕ್ತ, ಹೊರಗೆ ನಿಮಿಷಕ್ಕೆ ಸುಮಾರು 500 ಎಂಎಲ್ ಹಾಗೆ ಹದವಾಗಿ ಲವಣ ಬೆರೆಸಿದ ಶುದ್ಧ ನೀರು. ನಾಲ್ಕು ಗಂಟೆಗೆ ಲೆಕ್ಕ ಹಾಕು, 120 ಲೀಟರ್. ರಕ್ತದಲ್ಲಿರುವ ಯೂರಿಯಾ, ಕ್ರಿಯಾಟಿನಿನ್, ಜಾಸ್ತಿ ಆದ ಪೊಟ್ಯಾಶಿಯಂ ಎಲ್ಲ ಆ ನೀರಿಗೆ ಬಿಡುತ್ತವೆ. ಕಿಡ್ನಿ ಮಾಡಬೇಕಾದ ಕೆಲಸ ಇದು. ಹಾಲೆಂಡಿನ ಕೋಲ್ಫ್ ಅನ್ನುವ ಡಾಕ್ಟರ್ 1943ರಲ್ಲಿ ಕೆಲಸಕ್ಕೆ ಬರುವಂಥ ಮೊದಲ ಮೆಷಿನ್ ಕಟ್ಟಿದಾಗ ಕೊಳವೆಗೆ ಬಳಸಿದ್ದು ಮಾಂಸದ ಸಾಸೇಜ್ ತುಂಬುವ ತೆಳು ಸಿಪ್ಪೆಯನ್ನು. ಹೊರಗೆ ಯುದ್ಧ ನಡೆಯುತ್ತಿತ್ತು, ಸಿಕ್ಕಿದ್ದರಲ್ಲೇ ಮಾಡಿದ.

ಈಗ ಸಂದೀಪನಿಗೆ ಆದದ್ದು ಏನು ಅಂತ ನೋಡಿ. ಅವನ ಕಿಡ್ನಿ ಸಕ್ಕರೆ ಕಾಯಿಲೆಯಿಂದಲೋ ಬೀಪಿಯಿಂದಲೋ ನಿಧಾನಕ್ಕೆ ಹಾಳಾದದ್ದಲ್ಲ. ಅವನ ಮೈಯೇ ಅವನ ಮೇಲೆ ತಿರುಗಿ ಬಿದ್ದಿದೆ. ರೋಗಾಣು ಹೊಡೆಯಲು ಇರುವ ಆಂಟಿಬಾಡಿಗಳು ಕಿಡ್ನಿಯ ಸೋಸುವ ಪರದೆಯನ್ನೇ ಹೊಡೆಯುತ್ತಿವೆ. ಅದೇ ಜಾತಿಯ ಪರದೆ ಶ್ವಾಸಕೋಶದಲ್ಲೂ ಇದೆ. ಅದಕ್ಕೇ ಮೂತ್ರ ಕಂದು ಬಣ್ಣ ಆದದ್ದು, ಅದಕ್ಕೇ ಕೆಮ್ಮಿನಲ್ಲಿ ರಕ್ತ ಬಂದದ್ದು. ಸಿಗರೇಟ್ ಸೇದುವವರಿಗೆ ಶ್ವಾಸಕೋಶದಲ್ಲಿ ರಕ್ತ ಒಸರುವುದು ಜಾಸ್ತಿ. ಇದನ್ನು ಹೇಳಿದ್ದು ಬೈಯಲಿಕ್ಕೆ ಅಲ್ಲ. ಯಾರೂ ಈಗ ಅವನಿಗೆ ಆ ವಿಷಯ ಎತ್ತಿ ಪಾಠ ಮಾಡಬೇಡಿ. ಪ್ಯಾಕೆಟ್ ಸಿಕ್ಕಿದರೆ ಮಾತ್ರ ಎತ್ತಿ ಬಿಸಾಡಿ. ಈ ಕಾಯಿಲೆಯ ಹೆಸರು ಗುಡ್‌ಪಾಶ್ಚರ್ ಅಂತ. ಆ ಹೆಸರಿನ ಅಮೆರಿಕದ ಡಾಕ್ಟರ್ 1919ರಲ್ಲಿ, ದೊಡ್ಡ ಇನ್‌ಫ್ಲುಯೆಂಜಾ ಬಂದ ಸಮಯದಲ್ಲಿ, ತೀರಿಹೋದ 18 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದ.

ಈ ಆಂಟಿಬಾಡಿಯನ್ನು ಡಯಾಲಿಸಿಸ್‌ನಲ್ಲೇ ತೆಗೆಯಬಾರದಾ? ನಿನ್ನ ಪ್ರಶ್ನೆ ಇದೇ ಅಲ್ವಾ ರಾಘು. ಆಗುವುದಿಲ್ಲ ಮಾರಾಯ. ಯೂರಿಯಾದ ಒಂದು ಅಣುವಿನ ತೂಕ 60 ಅಂತ ಇಟ್ಟುಕೋ, ಆಂಟಿಬಾಡಿಯದ್ದು ಸುಮಾರು 1,50,000. ಸಾಸಿವೆ ಹಿಡಿಯುವ ಜರಡಿಯಲ್ಲಿ ತೆಂಗಿನಕಾಯಿ ದಾಟಿಸಿದ ಹಾಗೆ. ಅವನನ್ನು ವಾರಗಟ್ಟಲೆ ಡಯಾಲಿಸಿಸ್ ಮೆಷಿನ್‌ಗೆ ಕಟ್ಟಿ ಹಾಕಿದರೂ ಒಂದು ಆಂಟಿಬಾಡಿ ಹೊರಗೆ ಬರುವುದಿಲ್ಲ.

ಅದಕ್ಕೆ ಎರಡನೇ ಮೆಷಿನ್. ಇದರಲ್ಲಿ ತೊಳೆಯುವುದೇ ಇಲ್ಲ, ಬದಲಿಸುವುದು. ರಕ್ತವನ್ನು ಹೆಪ್ಪುಗಟ್ಟದ ಹಾಗೆ ಮದ್ದು ಹಾಕಿದ ಟ್ಯೂಬಿನಲ್ಲಿ ನಿಲ್ಲಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ಹಳದಿ ನೀರು ನಿಲ್ಲುತ್ತದೆ. ಆ ಹಳದಿ ನೀರೇ ಪ್ಲಾಸ್ಮಾ, ಆಂಟಿಬಾಡಿ ಇರುವುದು ಅದರಲ್ಲಿ. ಮೆಷಿನ್ ಅದನ್ನು ಬೇರೆ ಮಾಡಿ ಚೀಲಕ್ಕೆ ಬಿಡುತ್ತದೆ. ಕೆಂಪು ಕಣಗಳನ್ನು ಅವನಿಗೇ ವಾಪಸ್ ಕೊಡುತ್ತದೆ, ಹೋದ ಹಳದಿ ನೀರಿನ ಬದಲು ಆಲ್ಬುಮಿನ್ ಅನ್ನುವ ಪ್ರೋಟೀನಿನ ದ್ರವ ಹಾಕುತ್ತದೆ. ಸಂದೀಪ 62 ಕೆಜಿ. ಅವನ ಮೈಯಲ್ಲಿ ಪ್ಲಾಸ್ಮಾ ಎರಡೂವರೆ ಲೀಟರ್ ಹತ್ತಿರ. ನಾಳೆ ಹೋದಾಗ ಮಂಚದ ಕೆಳಗೆ ತೂಗುವ ಚೀಲ ನೋಡು. ತೆಳು ಬೆಲ್ಲದ ನೀರಿನ ಬಣ್ಣ ಇರುತ್ತದೆ. ಅವನನ್ನು ಒಳಗಿಂದ ತಿನ್ನುತ್ತಿರುವುದು ಅದರಲ್ಲೇ ಇದೆ, ನೋಡಲು ಮಾತ್ರ ಏನೂ ಇಲ್ಲ. ಬಿಲ್ ಏರುವುದು ಆ ಆಲ್ಬುಮಿನ್‌ನಿಂದ. ಅದನ್ನು ಜನರು ಕೊಟ್ಟ ರಕ್ತದಿಂದಲೇ ತಯಾರು ಮಾಡಬೇಕು, ಕಾರ್ಖಾನೆಯಲ್ಲಿ ಪುಡಿ ಕಲಸಿ ಮಾಡುವ ಗ್ಲೂಕೋಸ್ ಅಲ್ಲ.

ದಿನಾ ಯಾಕೆ ಅಂತ ಅಕ್ಕ ಕೇಳಿದ್ದಳು. ನಮ್ಮ ಹಳೇ ಬಾವಿ ನೆನಪಿದೆಯಾ? ಏಪ್ರಿಲ್‌ನಲ್ಲಿ ಕೆಸರು ತೆಗೆಯಲು ಪಂಪ್ ಇಟ್ಟು ಪೂರ್ತಿ ಎತ್ತಿದರೂ, ಬೆಳಿಗ್ಗೆ ನೋಡಿದರೆ ಒರತೆಯಿಂದ ಮತ್ತೆ ಮೊಣಕಾಲು ನೀರು. ಇದೂ ಹಾಗೇ. ಒಂದು ಸಲ ಮೈಯ ಪ್ಲಾಸ್ಮಾದಷ್ಟು ಬದಲಿಸಿದರೆ ರಕ್ತದಲ್ಲಿ ಇದ್ದದ್ದರ ಸುಮಾರು 63 ಪರ್ಸೆಂಟ್ ಹೋಗುತ್ತದೆ. ಆದರೆ ಅರ್ಧಕ್ಕಿಂತ ಜಾಸ್ತಿ ಆಂಟಿಬಾಡಿ ರಕ್ತನಾಳದ ಹೊರಗೆ, ಮಾಂಸದಲ್ಲಿ, ಚರ್ಮದಲ್ಲಿ ಅಡಗಿರುತ್ತದೆ. ರಾತ್ರಿ ಅದು ಮೆಲ್ಲ ರಕ್ತಕ್ಕೆ ಇಳಿಯುತ್ತದೆ. ಅದಕ್ಕೇ ಮರುದಿನ ಮತ್ತೆ. ಸಾಮಾನ್ಯವಾಗಿ 14 ದಿನ, ಇಲ್ಲವೇ ಟೆಸ್ಟಿನಲ್ಲಿ ಆಂಟಿಬಾಡಿ ಕಾಣದ ತನಕ. ಇವತ್ತು ಆರನೇ ದಿನ. ರಾಘು, ನಾಳೆಯಿಂದ ನಿಲ್ಲಿಸೋಣ ಅಂತ ಯಾರ ಹತ್ತಿರವೂ ಮಾತಾಡಬೇಡ. ಆರು ದಿನ ಬಾವಿ ಎತ್ತಿ ಅಲ್ಲಿಗೇ ಬಿಟ್ಟರೆ ಕೊಟ್ಟ ದುಡ್ಡೂ ಹೋಯಿತು.

ಎತ್ತಿದರೆ ಮಾತ್ರ ಸಾಲದು, ಒರತೆ ಮುಚ್ಚಬೇಕು. ಅದಕ್ಕೆ ಸ್ಟೆರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್. ಹೊಸ ಆಂಟಿಬಾಡಿ ಹುಟ್ಟದ ಹಾಗೆ ಮಾಡುವುದು ಅವು. ಅವು ಮಾತ್ರ ಕೊಟ್ಟು ಕಾದರೂ ಆಗುವುದಿಲ್ಲ, ಇದ್ದ ಆಂಟಿಬಾಡಿ ತಾನಾಗಿ ಅರ್ಧಕ್ಕೆ ಇಳಿಯಲು ಮೂರು ವಾರ ಬೇಕು. ಅಷ್ಟರಲ್ಲಿ ಶ್ವಾಸಕೋಶ ಉಳಿಯಬೇಕಲ್ಲ. ಲಂಡನ್ನಿನ ಡಾಕ್ಟರುಗಳು 1976ರಲ್ಲಿ ಪ್ಲಾಸ್ಮಾ ಬದಲಿಸುವುದು, ಈ ಮದ್ದು ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿದ ಮೇಲೆಯೇ ಈ ಕಾಯಿಲೆಯವರು ಹೆಚ್ಚಾಗಿ ಬದುಕಲು ಶುರುವಾದದ್ದು. ಆ ಮದ್ದಿನ ಬಗ್ಗೆ ಇನ್ನೊಂದು ಮಾತಿದೆ. ಮದುವೆ ಆಗದ ಹುಡುಗ, ಅದನ್ನು ಅವನಿಗೇ ಬೇರೆ ಫೋನ್ ಮಾಡಿ ಹೇಳುತ್ತೇನೆ.

ಒಂದು ನಿಮಿಷ. ಎರಡು ಹನಿ ಬಿತ್ತು.

ಹಾಂ, ಟಾರ್ಪಾಲ್ ಹೊದೆಸಿ ಬಂದೆ. ಎಲ್ಲಿಗೆ ನಿಲ್ಲಿಸಿದೆ? ಪಕ್ಕದಲ್ಲಿ ಕೂರುವವರು ಏನು ನೋಡಬೇಕು ಅಂತ. ಪ್ಲಾಸ್ಮಾ ನಡೆಯುವಾಗ ರಕ್ತ ಹೆಪ್ಪುಗಟ್ಟದಿರಲು ಹಲವು ಕಡೆ ಸಿಟ್ರೇಟ್ ಹಾಕುತ್ತಾರೆ, ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸು ತುಟಿ ಜುಮ್ ಅನ್ನುತ್ತಿದೆ ಅಂದರು. ಏಸಿ ಚಳಿ ಇರಬೇಕು ಅಂತ ನಾನು ಕಂಬಳಿ ತಂದು ಹೊದೆಸಿದೆ. ಹತ್ತು ನಿಮಿಷದಲ್ಲಿ ಬೆರಳೆಲ್ಲ ಹಕ್ಕಿಯ ಕೊಕ್ಕಿನ ಹಾಗೆ ಮಡಚಿಕೊಂಡಿತು. ಸಿಸ್ಟರ್ ಓಡಿ ಬಂದು ಕ್ಯಾಲ್ಸಿಯಂ ಕೊಟ್ಟ ಮೇಲೆ ಬಿಚ್ಚಿತು. ತಪ್ಪು ನನ್ನದೇ. ಆ ಕಂಬಳಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ತುಟಿ, ಬೆರಳ ತುದಿ ಜುಮ್ ಅಂದರೆ ಅವನು ಆ ಕ್ಷಣ ಹೇಳಬೇಕು, ಸುಮ್ನೆ ತಡೆದುಕೊಳ್ಳಬಾರದು. ಆಮೇಲೆ, ಅವನು ಮನೆಯಲ್ಲಿ ಯಾವ ಬೀಪಿ ಮಾತ್ರೆ ತಿನ್ನುತ್ತಿದ್ದ ಅಂತ ಡಾಕ್ಟರಿಗೆ ಹೇಳಿದ್ದೀರಾ? ರಾಮಿಪ್ರಿಲ್, ಎನಾಲಾಪ್ರಿಲ್ ಜಾತಿಯದ್ದಾದರೆ ಮೆಷಿನ್‌ಗೆ ಹಾಕಿದಾಗ ಬೀಪಿ ಒಮ್ಮೆಲೇ ಕುಸಿಯಬಹುದು. ನೀವಾಗಿ ನಿಲ್ಲಿಸಬೇಡಿ, ಚೀಟಿ ತೋರಿಸಿ ಅಷ್ಟೇ.

ಮತ್ತೆ ಎಳನೀರು. ಭಾವ, ನೀವು ಎರಡು ಗೊನೆ ಇಳಿಸಿ ಕಾರಿಗೆ ಹಾಕಿದ್ದೀರಿ ಅಂತ ಅಕ್ಕ ಹೇಳಿದಳು. ದಯವಿಟ್ಟು ಇಳಿಸಿ. ಮೂತ್ರ ಬಾರದವನಿಗೆ ಎಳನೀರಿನ ಪೊಟ್ಯಾಶಿಯಂ ಹೊರಗೆ ಹೋಗುವ ದಾರಿಯೇ ಇಲ್ಲ, ಅದು ಹೃದಯವನ್ನೇ ನಿಲ್ಲಿಸಬಹುದು. ನಮ್ಮೂರಲ್ಲಿ ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಎಳನೀರು, ಬಾಳೆಹಣ್ಣು ಇಲ್ಲದಿದ್ದರೆ ಮರ್ಯಾದೆ ಅಲ್ಲ, ಗೊತ್ತು. ಇವನಿಗೆ ಎರಡೂ ಬೇಡ. ಕಷಾಯದ ಬಾಟ್ಲಿಯೂ ಬೇಡ. ನೆಗಡಿ ಇದ್ದವರು ಹೋಗಲೇ ಬೇಡಿ, ಮದ್ದಿನಿಂದ ಅವನ ಮೈಗೆ ಈಗ ತಡೆಯುವ ಶಕ್ತಿ ಇಲ್ಲ.

ದೊಡ್ಡಮ್ಮ ಕೇಳಿದ್ದರು, ನನಗೂ ಮಂಡಿ ನೋವು, ಹೀಗೆ ಒಂದು ಸಲ ರಕ್ತ ಬದಲಿಸಿಕೊಂಡರೆ ಆಗದಾ ಅಂತ. ಆಗದು ದೊಡ್ಡಮ್ಮ. ಇದು ಎಣ್ಣೆ ಸ್ನಾನ ಅಲ್ಲ. ಇದರಲ್ಲಿ ಕೆಟ್ಟದ್ದರ ಜೊತೆ ಒಳ್ಳೆಯದೂ ಹೋಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಅಂಶವೂ ಹೋಗುತ್ತದೆ. ಸಂದೀಪನ ಕಾಯಿಲೆಗೆ ತುಂಬ ಹತ್ತಿರದ ಇನ್ನೊಂದು ಕಾಯಿಲೆ ಇದೆ, ಆಂಕಾ ವ್ಯಾಸ್ಕುಲೈಟಿಸ್ ಅಂತ, ಸಣ್ಣ ರಕ್ತನಾಳಗಳ ಉರಿಯೂತ ಅದು. ಅದಕ್ಕೂ ಎಷ್ಟೋ ವರ್ಷ ಇದನ್ನೇ ಮಾಡುತ್ತಿದ್ದೆವು. 2020ರಲ್ಲಿ 700ಕ್ಕೂ ಹೆಚ್ಚು ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಸಾವಾಗಲಿ ಕಿಡ್ನಿ ಹೋಗುವುದಾಗಲಿ ಕಡಿಮೆ ಆಗಲಿಲ್ಲ ಅಂತ ಗೊತ್ತಾಯಿತು. ಆಮೇಲೆ ಅವರಿಗೆ ಮಾಡುವುದು ತುಂಬ ಕಡಿಮೆಯಾಯಿತು. ಆರೋಗ್ಯವಂತರ ರಕ್ತ ಶುದ್ಧಿ ಮಾಡಿ ವಯಸ್ಸು ಇಳಿಸುತ್ತೇವೆ ಅನ್ನುವ ಜಾಹೀರಾತು ಗ್ರೂಪಿಗೆ ಬಂದರೆ ಅಲ್ಲೇ ಡಿಲೀಟ್ ಮಾಡಿ.

ಅಕ್ಕ, ಈಗ ನೀನು ನೇರ ಕೇಳದೆ ಸುತ್ತಿ ಬಳಸಿ ಕೇಳಿದ್ದು. ಕಿಡ್ನಿ ವಾಪಸ್ ಬರುತ್ತದಾ? ಬಯಾಪ್ಸಿಯಲ್ಲಿ ಕ್ರೆಸೆಂಟ್ ಅಂತ ಬರೆದಿದ್ದಾರಲ್ಲ, ಬಿದಿಗೆ ಚಂದ್ರನ ಹಾಗೆ ಬೆಳೆದು ಸೋಸುವ ಗಂಟನ್ನು ಹಿಸುಕುವ ಗಾಯ ಅದು. ಸಂದೀಪನ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಂಟಿನಲ್ಲೂ ಇದೆ, ಮೊದಲ ದಿನವೇ ಡಯಾಲಿಸಿಸ್ ಬೇಕಾಯಿತು. ಇಂಥವರಲ್ಲಿ ಕಿಡ್ನಿ ತಿರುಗಿ ಕೆಲಸ ಶುರು ಮಾಡುವುದು ಅಪರೂಪ. ನಾನು ಸುಳ್ಳು ಹೇಳುವುದಿಲ್ಲ. ಪ್ಲಾಸ್ಮಾ ಮಾಡುತ್ತಿರುವುದು ಮುಖ್ಯವಾಗಿ ಶ್ವಾಸಕೋಶಕ್ಕೆ. ಮೂರು ದಿನದಿಂದ ಕೆಮ್ಮಿನಲ್ಲಿ ರಕ್ತ ಇಲ್ಲ, ಅದು ಸಣ್ಣ ಮಾತಲ್ಲ. ಮತ್ತೆ, ಈ ಕಾಯಿಲೆ ಒಮ್ಮೆ ಹೋದರೆ ಮರಳಿ ಬರುವುದು ಕಡಿಮೆ. ಆಂಟಿಬಾಡಿ ಹೋಗಿ ಆರು ತಿಂಗಳು ಹಾಗೇ ಇದ್ದರೆ ಕಿಡ್ನಿ ಕಸಿಗೆ ದಾರಿ ಇದೆ. ಅಲ್ಲಿಯ ತನಕ ಡಯಾಲಿಸಿಸ್. ದುಡ್ಡಿನ ಚಿಂತೆ ಇದ್ದರೆ, 2016ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿಎಲ್ ಕಾರ್ಡಿನವರಿಗೆ ಡಯಾಲಿಸಿಸ್ ಉಚಿತ. ನಿನ್ನ ಕಾರ್ಡ್ ಯಾವುದು ಅಂತ ರಾತ್ರಿ ಹೇಳು, ನಾನು ಹೋಗಿ ವಿಚಾರಿಸುತ್ತೇನೆ.

ಕೊನೆಗೆ ಗ್ರೂಪಿನ ಎಲ್ಲರಿಗೂ ಒಂದು ಕೆಲಸ. ಶ್ವಾಸಕೋಶದಲ್ಲಿ ಮತ್ತೆ ರಕ್ತ ಕಂಡರೆ ಆಲ್ಬುಮಿನ್ ಬದಲು ದಾನಿಗಳ ಪ್ಲಾಸ್ಮಾ ಹಾಕಬೇಕಾಗುತ್ತದೆ. ಒಂದು ಚೀಲದಲ್ಲಿ 200 ಎಂಎಲ್ ಹತ್ತಿರ ಇರುತ್ತದೆ, ಲೆಕ್ಕ ನೀವೇ ಹಾಕಿ. ಸಂದೀಪ ಬಿ ಗುಂಪು. ರಕ್ತಕ್ಕೆ ಓ ಎಲ್ಲರಿಗೂ ಆಗುತ್ತದೆ ಅನ್ನುತ್ತೇವಲ್ಲ, ಪ್ಲಾಸ್ಮಾಕ್ಕೆ ಅದು ಉಲ್ಟಾ, ಎಲ್ಲರಿಗೂ ಆಗುವುದು ಎಬಿ. ಹಾಗಾಗಿ ಬಿ ಮತ್ತು ಎಬಿ ಇರುವವರು, ಮೂರು ತಿಂಗಳಿಂದ ರಕ್ತ ಕೊಡದ ಗಂಡಸರು, ನಾಲ್ಕು ತಿಂಗಳಿಂದ ಕೊಡದ ಹೆಂಗಸರು, ಹೆಸರು ಇಲ್ಲಿ ಹಾಕಿ. ರಾಘು, ನೀನು ಎಬಿ ಅಂತ ನನಗೆ ನೆನಪು, ಸರಿಯಾ? ಹಾಗಿದ್ದರೆ ಮೊದಲ ಹೆಸರು ನಿನ್ನದೇ. ಮಳೆ ಜೋರಾಯಿತು, ಇಡುತ್ತೇನೆ.