ಎಟಿವಿ ಬ್ರೇಕ್ ಡಿಸ್ಕ್ ಬೋಲ್ಟ್ ಬಿಚ್ಚವಲ್ವು, ಏನ್ ಮಾಡೋದ್ರಿ?

ನವಲಗುಂದ_ಎರಿಹೊಲ:
ನಮಸ್ಕಾರ್ರಿ ಎಲ್ಲಾರಿಗೂ. ಹೊಲಕ್ಕ ಅಡ್ಯಾಡಾಕ ಅಂತ ಒಂದ್ ಸೆಕೆಂಡ್ ಹ್ಯಾಂಡ್ ಎಟಿವಿ (ನಾಕ್ ಗಾಲಿ ಬೈಕ್) ತಗೊಂಡೀವಿ, ಮಳಿ ಆದ್ರ ನಮ್ಮ ಎರಿಮಣ್ಣು ಗೊತ್ತಲ್ಲ, ರಾಡಿ ಡಿಸ್ಕ್ ಹಿಡಿಯೋ ಕ್ಯಾಲಿಪರ್‌ನ್ಯಾಗ ಹೊಕ್ಕು ಒಣಗಿ ಮುಂದಿನ ಡಿಸ್ಕ್ ಗೆರಿ ಗೆರಿ ಆಗೇತಿ, ಉಗುರು ಆಡಿಸಿದ್ರ ಸಿಗಿಬೀಳತೈತಿ. ಹೊಸಾದು ತರಿಸೀನಿ. ಗಾಲಿ, ಕ್ಯಾಲಿಪರ್, ಹಬ್ (ಗಾಲಿ ಕುಂಡ್ರೋ ನಡುವಿನ ಭಾಗ) ಎಲ್ಲಾ ಬಿಚ್ಚಿದ್ದಾತು, ಹಬ್ಬಿಗೆ ಡಿಸ್ಕ್ ಹಿಡಿದಿರೋ ಅಲನ್ ಬೋಲ್ಟ್ ಮಾತ್ರ ಜಪ್ಪಯ್ಯ ಅಂದ್ರೂ ಅಲುಗವಲ್ವು. ಮೆಕ್ಯಾನಿಕ್ ಗ್ಯಾಸ್ ಕಟಿಂಗ್ ಅಂತಾನ. ಇಲ್ಲಾಂದ್ರ ಹಳೇ ಡಿಸ್ಕ್ ಲೇಥಿಗೆ ಹಾಕ್ಸಿ ಕೆರೆಸಿದ್ರ ನಡಿತೈತೇನ್ರಿ?

ಗೋಕುಲರೋಡ್_ಪಾನಾ:
ಗ್ಯಾಸ್ ಕಟಿಂಗ್ ಸುತಾರಾಂ ಬ್ಯಾಡ್ರಿ ಅಣ್ಣಾರ, ಹಬ್ ಅಲ್ಯೂಮಿನಿಯಂ ಇದ್ರ ಹಬ್ಬೂ ಹೋತು ರೊಕ್ಕಾನೂ ಹೋತು. ಬೋಲ್ಟಿಗೆ ಕಂಪನಿಯವ್ರು ಥ್ರೆಡ್‌ಲಾಕ್ ಅನ್ನೋ ಅಂಟು ಹಚ್ಚಿರ್ತಾರ, ಅದು ಬಿಸಿಗೆ ಮೆತ್ತಗಾಗ್ತೈತಿ. ಮೊದ್ಲ ಬೋಲ್ಟ್ ತಲಿಯೊಳಗಿನ ಮಣ್ಣು ಸೂಜಿಲೇ ಕೆದರಿ ತಗೀರಿ, ಇಲ್ಲಾಂದ್ರ ಕೀ ಅರ್ಧಾನ ಕುಂಡ್ರತೈತಿ, ತಲಿ ಸವಿಯೋದು ಅದಕ್ಕ. ಆಮ್ಯಾಲ ಹೀಟ್ ಗನ್‌ಲೇ ಬೋಲ್ಟಷ್ಟ ಕಾಸಿ, ಇಂಪ್ಯಾಕ್ಟ್ ಡ್ರೈವರ್ (ಏಟು ಹೊಡದ್ರ ತಿರಗೋ ಪಾನಾ) ಹಚ್ಚಿ ಸುತ್ತಿಗಿಲೇ ಒಂದ್ ಏಟು ಕೊಡ್ರಿ. ಬೇರಿಂಗ್ ಸೀಲ್ ಕಡೆ ಬಿಸಿ ಹೋಗದಂಗ ನೋಡ್ಕೋರಿ. ವಾಪಸ್ ಹಾಕೋವಾಗ ಹೊಸಾ ಬೋಲ್ಟ್, ನೀಲಿ ಥ್ರೆಡ್‌ಲಾಕ್, ಮ್ಯಾನ್ಯುವಲ್‌ನ್ಯಾಗ ಇದ್ದಷ್ಟ ಟಾರ್ಕ್ (ಬಿಗಿ).

ಗದಗ_ಗಾಲಿ:
ಲೇಥ್ ವಿಚಾರ ಬಿಟ್ಬಿಡ್ರಿ. ಡಿಸ್ಕ್ ಮ್ಯಾಲ ಮಿನಿಮಮ್ ದಪ್ಪ ಎಷ್ಟಿರಬೇಕು ಅಂತ ಕೆತ್ತಿರ್ತಾರ, ಗೆರಿ ಅಷ್ಟು ಆಳ ಬಿದ್ದಾವಂದ್ರ ಕೆರೆಸಿದ ಮ್ಯಾಲ ಅದಕ್ಕಿಂತ ಕಮ್ಮಿ ಆಗೋದ ಜಾಸ್ತಿ. ವರ್ನಿಯರ್‌ಲೇ ಅಳದು ಮೋಸ ಹೋಗ್ಬ್ಯಾಡ್ರಿ, ಅಂಚಿನ ಸವಿಯದ ಉಬ್ಬಿನ ಮ್ಯಾಲ ಅದರ ದವಡಿ ಕುಂತು ದಪ್ಪ ತೋರಸ್ತೈತಿ. ಮೈಕ್ರೋಮೀಟರ್ ಬೇಕು.

ಹಾವೇರಿ_ಹವಾ:
ಬ್ರೇಕ್ ಪ್ಯಾಡ್ ಹಳೇವ ಹಾಕ್ರಿ, ಖರ್ಚು ಯಾಕ 😄

ಗೋಕುಲರೋಡ್_ಪಾನಾ:
ಹಾವೇರಿ ಅಣ್ಣಾ ಹಂಗ ಹೇಳ್ಬ್ಯಾಡ್ರಿ, ಹಳೆ ಪ್ಯಾಡ್‌ನ್ಯಾಗ ಹಳೆ ಡಿಸ್ಕಿನ ಗೆರಿ ಅಚ್ಚಾಗಿರ್ತಾವ, ಹೊಸಾ ಡಿಸ್ಕಿಗೆ ಸರಿ ಕುಂಡ್ರೂದಿಲ್ಲ.

ನವಲಗುಂದ_ಎರಿಹೊಲ:
ಬೋಲ್ಟ್ ಬಿಚ್ಚಿ ಬಂದ್ವು ನೋಡ್ರಿ!! ಸೂಜಿ ಐಡಿಯಾ ಬರೋಬ್ಬರಿ. ಈಗ ಹೊಸಾ ಡಿಸ್ಕ್ ಕ್ಯಾಲಿಪರ್‌ನ್ಯಾಗ ಹೊಕ್ಕವಲ್ದು.

ಗದಗ_ಗಾಲಿ:
ಹೊಸಾದು ದಪ್ಪ ಇರ್ತೈತಲ್ರಿ, ಪ್ಯಾಡ್ ಒತ್ತೋ ಕ್ಯಾಲಿಪರ್ ಪಿಸ್ಟನ್ ಒಳಗ ಒತ್ರಿ. ಅದಕ್ಕೂ ಮೊದ್ಲ ಪಿಸ್ಟನ್ ಸುತ್ತ ಕುಂತ ರಾಡಿ ಒರಸ್ರಿ, ಹಂಗ ಒತ್ತಿದ್ರ ಸೀಲ್ ಹರೀತೈತಿ. ಒತ್ತೋವಾಗ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತಗದಿಟ್ಟು ಒಂದ್ ಕಣ್ಣಿಡ್ರಿ, ಒಳಗಿನ ಡಾಟ್ 4 ಆಯಿಲ್ ಉಕ್ಕಿ ಬಿದ್ರ ಪೇಂಟ್ ಸುಲೀತೈತಿ. ಡಿಸ್ಕಿಗೆ ತುಕ್ಕು ಹಿಡೀಬಾರ್ದಂತ ಎಣ್ಣಿ ಸವರಿರ್ತಾರ, ಬ್ರೇಕ್ ಕ್ಲೀನರ್‌ಲೇ ತಗೀರಿ, ಡೀಸೆಲ್ ಮುಟ್ಟಸ್ಬ್ಯಾಡ್ರಿ. ಹಬ್ ನಟ್ಟಿಗೆ ಹೊಸಾ ಸ್ಪ್ಲಿಟ್ ಪಿನ್ ಹಾಕ್ರಿ. ಗಾಡಿ ಚಾಲೂ ಮಾಡೋಕಿಂತ ಮೊದ್ಲ ಬ್ರೇಕ್ ಲಿವರ್ ಗಟ್ಟಿ ಆಗೋಮಟ ಒತ್ರಿ, ಮೊದಲ್ನೇ ಸಲ ಲಿವರ್ ಖಾಲಿ ಹೋಗ್ತೈತಿ.