ಅಪ್‌ಡೇಟ್: ಹಳೆ ಸ್ಪ್ಯಾನರ್ ಸೆಟ್ ಪೂರ್ತಿಯಾಯಿತು!

'1/4 ಡಬ್ಲ್ಯೂ' ಅಂತ ಗುರುತಿರುವ ಸ್ಪ್ಯಾನರ್ ಬಾಯಿ ಕಾಲು ಇಂಚಿಗಿಂತ ಅಷ್ಟು ದೊಡ್ಡದೇಕೆ, ಸೆಟ್‌ನಲ್ಲಿ ಯಾವುದು ಕಾಣೆಯಾಗಿದೆ ಅಂತ ಕೇಳಿದ್ದೆ. ನೀವು ಹೇಳಿದ್ದೇ ಸರಿ, ಅದು ವಿಟ್‌ವರ್ತ್ (ಹಳೆ ಬ್ರಿಟಿಷ್ ಬೋಲ್ಟ್ ಅಳತೆ, 'ಡಬ್ಲ್ಯೂ' ಅಂದರೆ ಅದೇ) ಸೆಟ್. ಅಲ್ಲಿ ಬರೆದಿರುವುದು ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. ವರ್ನಿಯರ್ ಹಿಡಿದು ಅಳೆದೆ: 0.525 ಇಂಚು! ಆ ಖುಷಿ ಹೇಳಲಾರೆ.

ಇಲ್ಲದ್ದು 5/16–3/8ರ ಎರಡು ಬಾಯಿಯದು. ಅಂದರೆ 0.600 ಮತ್ತು 0.710 ಇಂಚು. ಮೊದಲು ಒಂದು ತಪ್ಪು ಸ್ಪ್ಯಾನರ್ ತಂದಿದ್ದೆ. ಅದರ ಮೇಲೆ '3/8 ಬಿಎಸ್‌ಎಫ್' (ಸಣ್ಣ ಹಲ್ಲಿನ ಬ್ರಿಟಿಷ್ ಬೋಲ್ಟಿನ ಅಳತೆ) ಅಂತಿತ್ತು, ಆದರೆ ಅದರ ಬಾಯಿ 5/16 ಡಬ್ಲ್ಯೂದಷ್ಟೇ ಅಲ್ವಾ! ನಂತರ ಅಳತೆ ನೋಡಿಯೇ ಕೊಂಡೆ. ಅಕ್ಷರದ ಅಚ್ಚು, ಹಿಡಿಯ ಆಕಾರ ಎಲ್ಲಾ ಉಳಿದವುಗಳ ಹಾಗೇ ಇದೆ. ತುಕ್ಕನ್ನು ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದೆ, ಗ್ರೈಂಡರ್ ಮುಟ್ಟಿಸಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.